ಅಮೆರಿಕದಲ್ಲಿ ಆಟೋಮ್ಯಾಟಿಕ್, ನಮ್ಮಲ್ಲಿ ಇನ್ನೂ ಗೇರ್ ಗಾಡಿ: ಯಾಕೆ?

ಅಮೆರಿಕದಲ್ಲಿ ಹೆಚ್ಚಿನವರು ಆಟೋಮ್ಯಾಟಿಕ್ ಕಾರೇ ಓಡಿಸ್ತಾರೆ, ಯುರೋಪಿನವರೂ ನಾವೂ ಗೇರ್ ಗಾಡಿ ಬಿಟ್ಟು ಆಟೋಮ್ಯಾಟಿಕ್‌ಗೆ ಬರೋಕೆ ಇಷ್ಟು ಹಿಂದೇಟು ಹಾಕಿದ್ದು ಯಾಕೆ ಅಂತ ಕೇಳಿದ್ದೀರಿ. ನಾನು ಬೆಳಗಾವಿಯವನು. ಹದಿನೈದು ವರ್ಷ ಗೇರ್ ಗಾಡಿ ಓಡಿಸಿ, ಈಗ ಎರಡು ವರ್ಷದಿಂದ ಎಎಂಟಿ, ಅಂದರೆ ಗೇರ್ ತಾನೇ ಬದಲಾಯಿಸಿಕೊಳ್ಳೋ ಒಂದು ಬಗೆಯ ಆಟೋಮ್ಯಾಟಿಕ್ ಕಾರು, ಇಟ್ಟುಕೊಂಡಿದ್ದೇನೆ. ನನ್ನ ಪ್ರಕಾರ ಇದಕ್ಕೆಲ್ಲ ಮೂಲ ಪೆಟ್ರೋಲ್ ರೇಟು.

ಜನರಲ್ ಮೋಟಾರ್ಸ್ 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್‌ಗೇ ಹೈಡ್ರಾಮ್ಯಾಟಿಕ್ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಕಿತ್ತು. ದೊಡ್ಡ ಇಂಜಿನ್, ಅಗ್ಗದ ಪೆಟ್ರೋಲ್. ಸ್ವಲ್ಪ ಜಾಸ್ತಿ ಕುಡಿದರೆ ಕುಡೀಲಿ ಬಿಡಿ ಅನ್ನೋ ಹಾಗಿತ್ತು. ಯುರೋಪಿನಲ್ಲಿ ಪೆಟ್ರೋಲಿಗೆ ತೆರಿಗೆ ಜಾಸ್ತಿ, ಇಂಜಿನ್ ಸಣ್ಣದು. ಇರೋ ಶಕ್ತಿಯಲ್ಲಿ ಒಂದು ಪಾಲು ಆಟೋಮ್ಯಾಟಿಕ್ ಗೇರ್‌ಬಾಕ್ಸೇ ತಿಂದರೆ ಹೇಗೆ? ಮೇಲೆ ಲೈಸೆನ್ಸ್ ಬೇರೆ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಪಾಸಾದವರು ಗೇರ್ ಕಾರು ಓಡಿಸುವಂತಿಲ್ಲ. ಅದಕ್ಕೇ ಗೇರ್‌ನಲ್ಲೇ ಕಲಿತರು, ಕಲಿತದ್ದನ್ನೇ ಕೊಂಡರು. ಜಪಾನ್ 1991ರಲ್ಲಿ ಆಟೋಮ್ಯಾಟಿಕ್‌ಗೆ ಮಾತ್ರ ಅಂತ ಬೇರೆ ಲೈಸೆನ್ಸೇ ತಂದಿತು. ನಮ್ಮಲ್ಲಿ ನೋಡಿ, ಗೇರ್ ಇಲ್ಲದ ಸ್ಕೂಟರಿಗೆ ಬೇರೆ ಲೈಸೆನ್ಸ್, ಕಾರಿಗೆ ಮಾತ್ರ ಆ ಭೇದ ಇಲ್ಲ!

ನಮ್ಮ ಕಡೆ ಗಾಡಿ ನೋಡಿದವರ ಮೊದಲ ಪ್ರಶ್ನೆ, "ಆವರೇಜ್ ಎಷ್ಟ್ ಕೊಡ್ತದ?" 2014ರಲ್ಲಿ ಮಾರುತಿ ಸೆಲೆರಿಯೋದಲ್ಲಿ ಎಎಂಟಿ ಬಂದಾಗ ಜನ ತಿರುಗಿ ನೋಡಿದ್ದು ಅದಕ್ಕೇ. ಒಳಗಿರೋದು ಅದೇ ಗೇರ್‌ಬಾಕ್ಸ್, ಕ್ಲಚ್ ಒತ್ತಿ ಗೇರ್ ಬದಲಾಯಿಸೋ ಕೆಲಸ ಮಾತ್ರ ಯಂತ್ರದ್ದು. ಆವರೇಜ್ ಬೀಳಲ್ಲ.

ನಾನು ಬದಲಾಯಿಸಿದ್ದು ಮಾತ್ರ ಮೊಣಕಾಲಿನ ಕಾಟಕ್ಕೆ. ಕಬ್ಬಿನ ಸೀಸನ್‌ನಲ್ಲಿ ಗೋಕಾಕ ಕಡೆ ಹೋಗಿ ನೋಡಿ. ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಎದುರಿಂದ ಇನ್ನೊಂದು. ಫಸ್ಟು, ಸೆಕೆಂಡು, ಹಾಫ್ ಕ್ಲಚ್, ಮತ್ತೆ ಫಸ್ಟು. ಈಗ ಆ ಗೋಳಿಲ್ಲ. ಆದರೆ ಚೋರ್ಲಾ ಘಾಟ್ ಹತ್ತುವಾಗ ಸುಮ್ನೆ ಮೂರನೇ ಗೇರ್‌ಗೆ ಹೋಗಿ ಉಸಿರು ಬಿಡುತ್ತೆ, ಗೇರ್ ಬದಲಾದಾಗಲೆಲ್ಲ ಒಳಗಿದ್ದವರ ತಲೆ ಆಡುತ್ತೆ. ಅಲ್ಲಿ ನಾನು ಮ್ಯಾನ್ಯುವಲ್ ಮೋಡ್‌ಗೆ ಹಾಕಿಬಿಡ್ತೀನಿ.

ನಮ್ಮ ಕಾಕಾಗೆ ಇದ್ಯಾವುದೂ ಒಪ್ಪಿಗೆಯಿಲ್ಲ. "ಬ್ಯಾಟರಿ ಕೂತ್ರ ದಬ್ಬಿ ಚಾಲೂ ಮಾಡಾಕ ಬರ್ತದೇನು?" ಅಂದರು. ಬರಲ್ಲ ಕಾಕಾ, ಅಂದೆ. "ಮತ್ತ?" ಅಂದವರೇ ಚಾವಿ ಇಸಕೊಂಡು ಕೂತರು. ಟಿಳಕವಾಡಿಯ ರೈಲ್ವೆ ಗೇಟ್ ಹತ್ತಿರ, ಅಭ್ಯಾಸಬಲದಿಂದ ಎಡಗಾಲಲ್ಲಿ ಕ್ಲಚ್ ಅಂತ ಒತ್ತಿದ್ದು ಬ್ರೇಕು. ನನ್ನ ಹಣೆ ಡ್ಯಾಶ್‌ಬೋರ್ಡಿಗೆ ತಾಗೋದು ಸ್ವಲ್ಪದರಲ್ಲಿ ತಪ್ಪಿತು.