ಮತ್ತೆ ಮೈಕ್ ಹಿಡೀಬೋದಾ ಅಕ್ಕಾ?

ಪ್ರಶ್ನೆ: ಅಕ್ಕಾ, ಹಾಸನದಲ್ಲಿ ಆರ್ಕೆಸ್ಟ್ರಾಗೆ ಹಾಡ್ತಿದ್ದೆ, ಮದುವೆ ಆದ್ಮೇಲೆ ಬಿಟ್ಟೆ, ಈಗ ಡೈವೋರ್ಸ್ ಆಗಿದೆ, ವಯಸ್ಸು 38. ಮತ್ತೆ ಸ್ಟೇಜ್ ಹತ್ತಿದ್ರೆ ಜನ ಏನಂತಾರೋ ಅಂತ ಭಯ.
- ಓದುಗರು, ಸಕಲೇಶಪುರ

ಉತ್ತರ: ಹತ್ತಮ್ಮಾ, ಖಂಡಿತ ಹತ್ತು. ಅಮೆರಿಕದ ಗಾಯಕಿ ಟೀನಾ ಟರ್ನರ್ ಕಥೆ ಕೇಳು, ಹೊಡೀತಿದ್ದ ಗಂಡನ್ನ 1976ರಲ್ಲಿ ಬಿಟ್ಟು ಓಡಿಬಂದಾಗ ಕೈಲಿದ್ದಿದ್ದು ಬರೀ 36 ಸೆಂಟ್ಸು, 1978ರ ಡೈವೋರ್ಸಲ್ಲಿ ಸ್ಟೇಜ್ ಹೆಸರನ್ನ ಉಳಿಸ್ಕೊಂಡ್ರು, ಸಾಲ ತೀರಿಸೋಕೆ ಸಣ್ಣಪುಟ್ಟ ಶೋಗಳಲ್ಲೆಲ್ಲಾ ಹಾಡಿದ್ರು, 1984ರಲ್ಲಿ ಅವರ ಹಾಡು ಅಮೆರಿಕದಲ್ಲಿ ನಂಬರ್ ಒನ್, ಆಗ ವಯಸ್ಸು 44! (ಎಂಟು ವರ್ಷ ಹಿಡೀತು ಅನ್ನೋದನ್ನೂ ನೆನಪಿಟ್ಕೋ.) ನೀನು ದಿನಾ ಬೆಳಿಗ್ಗೆ ಅರ್ಧ ಗಂಟೆ ಪ್ರಾಕ್ಟೀಸ್ ಶುರುಮಾಡು, ಗಣಪತಿ ಪೆಂಡಾಲಲ್ಲಿ ಒಂದೇ ಹಾಡಾದ್ರೂ ಸರಿ, ಹಳೇ ಟೀಮ್‌ನೋರಿಗೆ ಇವತ್ತೇ ಫೋನ್ ಮಾಡು.