ಹಳೆ ಜೀಪಿನ ಕನೆಕ್ಟಿಂಗ್ ರಾಡ್: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಿಜೆ-3ಬಿ ಜೀಪಿನ ಹರಿಕೇನ್ ಎಂಜಿನ್ ಬಿಚ್ಚಿದ್ದೇವೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ನಟ್ಟುಗಳ ಮೇಲೆ ತಗಡಿನ ತೆಳು ನಟ್ಟುಗಳಿದ್ದವು. ಹೊಸವು ಸಿಗುತ್ತಿಲ್ಲ. ಬದಲಿಗೆ ಸ್ಪ್ರಿಂಗ್ ವಾಷರ್ ಹಾಕಬಹುದೇ?
— ಓದುಗರು, ಸಕಲೇಶಪುರ

ಉತ್ತರ: ಸ್ಪ್ರಿಂಗ್ ವಾಷರ್ ಖಂಡಿತ ಬೇಡ. ಅದು ತುಂಡಾದರೆ ಚೂರು ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಅಂದರೆ ಸಂಪ್‌ಗೆ ಬೀಳುತ್ತದೆ, ನಟ್ಟಿನ ಬಿಗಿಯೂ ಅಲ್ಲಿಗೆ ಮುಗಿಯಿತು. ನೀವು ಕಂಡ ತಗಡಿನ ನಟ್ಟು ಪಾಲ್‌ನಟ್. ಅದು ಬರೀ ಕಾವಲು. ರಾಡಿನ ಕೆಳತುದಿಯ ಅರ್ಧವೃತ್ತದ ಮುಚ್ಚಳವಾದ ಕ್ಯಾಪನ್ನು ಹಿಡಿದಿಡುವುದು ಕೆಳಗಿನ ಮುಖ್ಯ ನಟ್ಟು. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಮೇಲಕ್ಕೆ ಹೋದ ಪಿಸ್ಟನ್ ರಾಡನ್ನು ತನ್ನ ಜೊತೆ ಎಳೆಯುತ್ತದೆ. ಬೋಲ್ಟಿನ ಬಿಗಿ ಆ ಎಳೆತಕ್ಕಿಂತ ಹೆಚ್ಚಿದ್ದರೆ ಬೋಲ್ಟಿಗೆ ಅದರ ಪೆಟ್ಟು ಅಷ್ಟಾಗಿ ತಟ್ಟುವುದಿಲ್ಲ. ಕಡಿಮೆಯಿದ್ದರೆ ಬೋಲ್ಟು ಪ್ರತಿ ಸುತ್ತಿಗೂ ಹಿಗ್ಗಿ ಕುಗ್ಗಿ, ಒಂದು ದಿನ ಮುರಿದು, ರಾಡು ಬ್ಲಾಕನ್ನೇ ಒಡೆದು ಹೊರಬರುತ್ತದೆ.

ಆದ್ದರಿಂದ ಹಳೆ ಬೋಲ್ಟು, ನಟ್ಟು ಎರಡನ್ನೂ ಬದಲಿಸಿ. ಬೋಲ್ಟಿನ ತಲೆ ರಾಡಿನ ಮೆಟ್ಟಿಲಲ್ಲಿ ಪೂರ್ತಿ ಕುಳಿತಿದೆಯೇ ನೋಡಿ; ಕೂರದಿದ್ದರೆ ಬಿಗಿಯುವ ಬಲ ಅಳೆಯುವ ಟಾರ್ಕ್ ರೆಂಚ್ ತೋರಿಸುವ ಲೆಕ್ಕ ಸುಳ್ಳು. ಥ್ರೆಡ್‌ಗೆ ಒಂದು ಹನಿ ಎಂಜಿನ್ ಆಯಿಲ್ ಹಚ್ಚಿ, ಎರಡೂ ಕಡೆ ಸರದಿಯಂತೆ 15, 25, ಕೊನೆಗೆ 40 ಫುಟ್-ಪೌಂಡ್‌ಗೆ ಬಿಗಿಯಿರಿ. ಈ ಎಂಜಿನ್ನಿಗೆ ಹೇಳಿರುವ ಮಿತಿ 35ರಿಂದ 45. ಪಾಲ್‌ನಟ್ ಸಿಕ್ಕರೆ ಅದರ ಸಪಾಟು ಮುಖ ಮುಖ್ಯ ನಟ್ಟಿನ ಕಡೆಗಿರಲಿ. ಬೆರಳಲ್ಲಿ ತಿರುಗಿಸಿ ಮುಟ್ಟಿಸಿದ ಮೇಲೆ ಸ್ಪ್ಯಾನರಿನಲ್ಲಿ ಇನ್ನು ಕಾಲು ಸುತ್ತು, ಅಷ್ಟೇ. ಒಮ್ಮೆ ತೆಗೆದದ್ದನ್ನು ಮತ್ತೆ ಹಾಕಬೇಡಿ, ಅದರ ಹಿಡಿತ ಸಡಿಲವಾಗಿರುತ್ತದೆ. ಸಿಗದಿದ್ದರೆ ಥ್ರೆಡ್‌ನ ಎಣ್ಣೆ ಪೂರ್ತಿ ತೆಗೆದು ನಟ್ಟು ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್ ಹಚ್ಚಿ. ಎಣ್ಣೆ ಮತ್ತು ಥ್ರೆಡ್‌ಲಾಕರ್ ಎರಡೂ ಒಟ್ಟಿಗೆ ಬೇಡ.

ಪ್ರಶ್ನೆ: ಬೇರಿಂಗ್ ಸಡಿಲವಿದೆ. ಕ್ಯಾಪಿನ ಅಂಚನ್ನು ಅರದಲ್ಲಿ ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಬಹುದೇ?
— ಓದುಗರು, ಮಡಿಕೇರಿ

ಉತ್ತರ: ಬೇಡ. ಬೇರಿಂಗ್ ಕೂರುವುದು ರಾಡು, ಕ್ಯಾಪು ಜೋಡಿಸಿಟ್ಟೇ ಕೊರೆದ ತೂತಿನಲ್ಲಿ. ಅಂಚು ಉಜ್ಜಿದರೆ ಮೇಲೆ-ಕೆಳಗೆ ಬಿಗಿ, ಪಕ್ಕದಲ್ಲಿ ಸಡಿಲ. ಎಣ್ಣೆಯ ಪದರ ನಿಲ್ಲದೆ ಬೇರಿಂಗಿನ ತೆಳು ಲೋಹದ ಹೋಳು, ಅಂದರೆ ಶೆಲ್ ಸುಡುತ್ತದೆ. ರಾಡು ಕೂರುವ ಕ್ರ್ಯಾಂಕ್ ಪಿನ್ ಸವೆದಿದ್ದರೆ ಗ್ರೈಂಡ್ ಮಾಡಿಸಿ, ಕಿರಿದಾದ ಪಿನ್ನಿಗೆ ಹೊಂದುವ ಅಂಡರ್‌ಸೈಜ್ ಶೆಲ್ ಹಾಕಬೇಕು. ಬೇರಿಂಗಿನ ಅಂತರ ಅಳೆಯುವ ಮೆದು ಪ್ಲಾಸ್ಟಿಕ್ಕಿನ ಪ್ಲಾಸ್ಟಿಗೇಜ್ ಎಳೆಯನ್ನು ಪಿನ್ ಮೇಲಿಟ್ಟು ಪೂರ್ಣ ಟಾರ್ಕ್‌ಗೆ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲ ನೋಡಿ. ಸುಮಾರು 0.001ರಿಂದ 0.002 ಇಂಚು ಅಂತರ ಸಿಗಬೇಕು.

ಬಿಚ್ಚುವ ಮೊದಲೇ ರಾಡು, ಕ್ಯಾಪುಗಳ ನಂಬರ್ ಯಾವ ಕಡೆಗಿದೆ ಎಂದು ಬರೆದಿಡಿ. 1, 3ನೇ ಸಿಲಿಂಡರಿನ ರಾಡುಗಳೂ 2, 4ನೆಯದರ ರಾಡುಗಳೂ ಬೇರೆ ಬೇರೆ. ಪಿಸ್ಟನ್ ಇಳಿಸುವಾಗ ಬೋಲ್ಟುಗಳ ತುದಿಗೆ ರಬ್ಬರ್ ಪೈಪಿನ ತುಂಡು ಹಾಕಿ, ಪಿನ್ನಿಗೆ ಗೀರು ಬೀಳುವುದಿಲ್ಲ. ಒಂದೊಂದು ರಾಡು ಬಿಗಿದಾಗಲೂ ಕ್ರ್ಯಾಂಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಎಲ್ಲಿ ಬಿಗಿ ಹೆಚ್ಚಾಯಿತೋ ಆ ರಾಡನ್ನೇ ಬಿಚ್ಚಿ ನೋಡಿದರಾಯಿತು. ರಾಡು ಪಿನ್ನಿನ ಮೇಲೆ ಅತ್ತಿತ್ತ ಸರಿಯುವ ಪಕ್ಕದ ಆಟ, ತೆಳು ಅಲಗುಗಳ ಫೀಲರ್ ಗೇಜಿನಲ್ಲಿ ಅಳೆದಾಗ 0.004ರಿಂದ 0.010 ಇಂಚಿನೊಳಗಿರಲಿ.