ಸಿಟ್ಟು ದೇವರ ಮೇಲಿದ್ದರೆ ದೇವರಿಗೇ ಹೇಳಿ

ಪ್ರಶ್ನೆ: ನಮ್ಮದು ಗುಳೇದಗುಡ್ಡ. ಹೋದ ವರ್ಷ ನನ್ನ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡ. ಈಗ ಪ್ರಾರ್ಥನೆಗೆ ಕೂತರೆ ಬರೀ ಸಿಟ್ಟು ಬರುತ್ತದೆ. ‘ದೇವ್ರ ಮ್ಯಾಲ ಸಿಟ್ಟ ಮಾಡ್ಕೊಂಡ್ರ ಪಾಪ ಬರತೈತಿ’ ಅಂತಾರೆ ಅವ್ವ. ಚರ್ಚಿನಲ್ಲಿ ಸ್ತುತಿಗೀತೆಗೆ ಸುಮ್ನೆ ಬಾಯಿ ಆಡಿಸುತ್ತೇನೆ. ನನ್ನ ವಿಶ್ವಾಸ ಸತ್ತುಹೋಯಿತಾ?

ಉತ್ತರ: ಇಲ್ಲ ತಂಗಿ. ವಿಶ್ವಾಸ ಸತ್ತಿದ್ದರೆ ನೀವು ಪ್ರಾರ್ಥನೆಗೆ ಕೂರುತ್ತಲೇ ಇರಲಿಲ್ಲ.

ನಿಮ್ಮ ಬೈಬಲ್‌ನಲ್ಲಿ 88ನೇ ಕೀರ್ತನೆ ತೆಗೆಯಿರಿ. ಹಗಲು ರಾತ್ರಿ ಕೂಗುತ್ತಿದ್ದೇನೆ, ಯಾಕೆ ಮುಖ ಮರೆಸಿಕೊಂಡೆ ಅಂತ ಅದು ದೇವರನ್ನೇ ಕೇಳುತ್ತದೆ. ಗೆಳೆಯರನ್ನು ನನ್ನಿಂದ ದೂರ ಮಾಡಿದವನೂ ನೀನೇ ಅನ್ನುತ್ತದೆ. ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ, 13ನೆಯದು ಹಾಗೇ. ಇದು ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದು ಪವಿತ್ರ ಗ್ರಂಥದಲ್ಲೇ ಉಳಿದಿದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥ ಗೋಳು, ದೂರುಗಳೇ. ಇವನ್ನು ನಾವು ಭಾನುವಾರಗಳಲ್ಲಿ ಜಾಸ್ತಿ ಓದುವುದಿಲ್ಲ, ನನಗೆ ಅದು ತುಂಬಾ ಬೇಸರದ ಸಂಗತಿ.

ಬೈಬಲ್‌ನಲ್ಲೇ ಬರುವ, ಮಕ್ಕಳನ್ನು ಕಳೆದುಕೊಂಡ ಯೋಬ ದೇವರ ಜೊತೆ ವಾದಕ್ಕೇ ಇಳಿದ. ಗೆಳೆಯರು ದೇವರ ಪರ ನಿಂತು ಅವನ ಬಾಯಿ ಮುಚ್ಚಿಸಲು ನೋಡಿದರು. ದೇವರು ಯೋಬನಿಗೂ ಗಟ್ಟಿಯಾಗಿಯೇ ಉತ್ತರ ಕೊಟ್ಟರು, ನಿಜ. ಆದರೆ ಯೋಬನ ಗ್ರಂಥದ 42ನೇ ಅಧ್ಯಾಯದಲ್ಲಿ ದೇವರ ಕೋಪ ತಿರುಗಿದ್ದು ಆ ಗೆಳೆಯರ ಮೇಲೆ. ಯೋಬನ ಹಾಗೆ ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಅಂದರು.

ನಿಮ್ಮದೇ ಜಿಲ್ಲೆಯ ಕೂಡಲಸಂಗಮದ ದೇವರೆದುರು ಬಸವಣ್ಣ ಕೂಡ ನಟಿಸಲಿಲ್ಲ. ನನ್ನ ಚಿತ್ತ ಅತ್ತಿಹಣ್ಣು, ವಿಚಾರಿಸಿದರೆ ಹುರುಳಿಲ್ಲ ಎಂದು ನೇರ ಒಪ್ಪಿಸಿಬಿಟ್ಟರು.

ಒಂದು ಸಂಜೆ ಒಬ್ಬರೇ ಕೂತು 88ನ್ನು ಗಟ್ಟಿಯಾಗಿ ಓದಿ. ಆಮೇಲೆ ತಮ್ಮನ ಹೆಸರು ಹಿಡಿದು, ಮನೆಯಲ್ಲಿ ಆಡುವ ಮಾತಿನಲ್ಲೇ ಕೇಳಬೇಕಾದ್ದನ್ನು ಕೇಳಿ. ‘ಯಾಕ ಕರಕೊಂಡಿ?’ ಅಂತಲೇ ಕೇಳಿ. ಕೊನೆಗೆ ಸ್ತೋತ್ರ ಸೇರಿಸಲೇಬೇಕು ಅಂತಿಲ್ಲ. ಚರ್ಚಿನಲ್ಲಿ ಹಾಡು ಬರದಿದ್ದರೆ ಸುಮ್ಮನೆ ಕೂತಿರಿ. ನಿಮ್ಮ ಪಾಲಿನದನ್ನೂ ಉಳಿದವರು ಹಾಡಲಿ.

ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನಿಸಿದರೆ ತಡಮಾಡದೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅವ್ವ. ಅವರೂ ಮಗನನ್ನು ಕಳೆದುಕೊಂಡವರು, ಅಲ್ವಾ? ಮಗ ಹೋದ ಮೇಲೆ ಮಗಳಿಗೂ ಏನಾದರೂ ಆದೀತೆಂಬ ಭಯವೇ ಪಾಪದ ಮಾತಾಡಿಸುತ್ತಿರಬಹುದು. ವಾದ ಮಾಡಬೇಡಿ. ಒಪ್ಪಿದರೆ ಆ ಕೀರ್ತನೆಯನ್ನು ಅವರಿಗೂ ಓದಿ ಹೇಳಿ.